ಎಡಗಡೆಯ ಎರಡು ಟೈರು

ನೀವು ಯಾವತ್ತಾದರೂ ಇನ್ನೊಬ್ಬರ ಕಾರಿನ ಟೈರನ್ನು ಕದ್ದು ನೋಡಿದ್ದೀರಾ?

ನಾನು ನೋಡಿದ್ದೇನೆ. ಮೊನ್ನೆ ಮೊನ್ನೆ, ಭದ್ರಾವತಿಯಲ್ಲಿ, ನಮ್ಮ ಅತ್ತೆಯ ಮನೆಯ ಗೇಟಿನ ಮುಂದೆ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ. ಒಳಗಿನಿಂದ ಹೆಂಡತಿ ಕೂಗಿದಳು, "ರೀ, ಎಷ್ಟೊತ್ತಿಂದ ಅಲ್ಲೇನ್ ಮಾಡ್ತಿದ್ದೀರಿ?"

"ಏನಿಲ್ಲ, ಸೊಂಟ ಹಿಡ್ಕೊಂಡಿದೆ" ಎಂದೆ. ಹಾಗೆನ್ನುವಾಗಲೂ ನನ್ನ ಹೆಬ್ಬೆರಳು ಆ ಟೈರಿನ ಗೆರೆಗಳ ಆಳ ಅಳೆಯುತ್ತಿತ್ತು. ಉಗುರು ಪೂರ್ತಿ ಮುಳುಗಿತು. ಸೊಂಟಕ್ಕೆ ಏನೂ ಆಗಿರಲಿಲ್ಲ. ಉರಿ ಇದ್ದದ್ದು ಹೊಟ್ಟೆಯಲ್ಲಿ.

ಆ ಕಾರು ನನ್ನ ಷಡ್ಡಕ ಮಹೇಶನದು. ಅಂದರೆ ನನ್ನ ಹೆಂಡತಿ ಗಿರಿಜೆಯ ತಂಗಿಯ ಗಂಡನದು.

ಷಡ್ಡಕ ಎಂಬ ಸಂಬಂಧದ ಬಗ್ಗೆ ನಿಮಗೆ ನಾನು ಪಾಠ ಮಾಡಬೇಕಾಗಿಲ್ಲ. ಅಣ್ಣತಮ್ಮಂದಿರಾದರೆ ಬಾಯಿಬಿಟ್ಟು ಜಗಳವಾಡುತ್ತಾರೆ, ಬೇಕಾದರೆ ಕೋರ್ಟಿಗೂ ಹೋಗುತ್ತಾರೆ. ಷಡ್ಡಕರಿಗೆ ಆ ಸುಖವಿಲ್ಲ. ಅತ್ತೆಯ ಮನೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತು, "ಅವರಿಗೆ ಇನ್ನೊಂದು ಹೋಳಿಗೆ ಹಾಕಿ" ಎಂದು ನಗುನಗುತ್ತಾ ಹೇಳುತ್ತಾ, ಯಾರ ಹೋಳಿಗೆಗೆ ತುಪ್ಪ ಹೆಚ್ಚು ಬಿತ್ತು ಎಂದು ಓರೆಗಣ್ಣಿನಲ್ಲಿ ನೋಡಬೇಕು. (ಅವನಿಗೇ ಹೆಚ್ಚು ಬೀಳುತ್ತದೆ. ನಾನು ನೋಡಿದ್ದೇನೆ.)

ಮಹೇಶ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಆಫೀಸರ್. ಅತ್ತೆಯ ಮನೆಯ ಹಿಂದಿನ ಬೀದಿಯಲ್ಲೇ ಅವನ ಮನೆ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು, ಮನೆ ಸವಳಂಗ ರಸ್ತೆಯ ಹತ್ತಿರ. ಅವನಿಗೆ ನನಗಿಂತ ಸಂಬಳ ಜಾಸ್ತಿ, ಕೂದಲು ಜಾಸ್ತಿ. ನಾವಿಬ್ಬರೂ ಸಮಾನರಾಗಿದ್ದದ್ದು ಒಂದೇ ಒಂದು ವಿಷಯದಲ್ಲಿ. ಇಬ್ಬರದೂ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ, ಒಂದೇ ಬಿಳಿ ಬಣ್ಣದ ಪುಟ್ಟ ಕಾರು. (ಅವನು ತೆಗೆದುಕೊಂಡದ್ದು ನನ್ನ ನಂತರ. ಇದನ್ನು ಅವನಿಗೆ ಆಗಾಗ ನೆನಪಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.)

ಇನ್ನು ನಮ್ಮ ಅತ್ತೆ. ಅವರದ್ದು ಸೀರೆ ವ್ಯಾಪಾರ. ಅಂಗಡಿ ಇಲ್ಲ, ಬೋರ್ಡಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಹೋಲ್‌ಸೇಲ್ ಅಂಗಡಿಗಳಿಂದ ಸೀರೆ ಆರಿಸಿ, ಗಂಟು ಕಟ್ಟಿ ತಂದು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಹೆಂಗಸರಿಗೆ ಮಾರುತ್ತಾರೆ. ಮಾವ ಇದ್ದಾಗ ಅವರ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಮಾವ ಹೋದ ಮೇಲೆ ಆ ಕೆಲಸ ನನ್ನದಾಯಿತು. ಪ್ರತಿ ಶನಿವಾರ ಕಾಲೇಜು ಅರ್ಧ ದಿನ. ಮಧ್ಯಾಹ್ನ ಊಟ ಮುಗಿಸಿ ಭದ್ರಾವತಿಗೆ ಹೋಗುವುದು, ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಂಧಿ ಬಜಾರಿಗೆ ಬರುವುದು, ಸಂಜೆ ಗಂಟಿನ ಸಮೇತ ಮತ್ತೆ ಮನೆಗೆ ಬಿಡುವುದು.

ಇದೇನು ದೊಡ್ಡ ಕೆಲಸವೇ ಎಂದು ನೀವು ಕೇಳಬಹುದು. ಅಲ್ಲ. ಆದರೆ ಭದ್ರಾವತಿಯ ಆ ಬೀದಿಯಲ್ಲಿ ನನ್ನ ಕಾರಿನ ಮುಂದಿನ ಸೀಟಿನಿಂದ ಅತ್ತೆ ಇಳಿಯುವಾಗ, ಎದುರು ಮನೆಯವರು "ದೊಡ್ಡ ಅಳಿಯಂದ್ರು ಬಂದ್ರಾ?" ಎಂದು ಕೇಳುತ್ತಾರಲ್ಲ, ಆ ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ. ಮನೆಯಲ್ಲಿ, ಕಾಲೇಜಿನಲ್ಲಿ, ಬೇರೆ ಎಲ್ಲೂ ನಾನು ದೊಡ್ಡವನಲ್ಲ. ಆ ಸೀಟಿನ ಪಕ್ಕದಲ್ಲಿ ಮಾತ್ರ ದೊಡ್ಡ ಅಳಿಯ.

ಹೀಗಿರುವಾಗ ಒಂದು ಶನಿವಾರ ಗಿರಿಜೆಯನ್ನೂ ಕರೆದುಕೊಂಡು ಹೋದರೆ ಮನೆಗೆ ಬೀಗ! ಎದುರು ಮನೆಯವರು ಕಾಂಪೌಂಡಿನಿಂದಲೇ ವರದಿ ಒಪ್ಪಿಸಿದರು. "ಚಿಕ್ಕ ಅಳಿಯಂದ್ರು ಕರ್ಕೊಂಡ್ ಹೋದ್ರಲ್ಲ ಮಾರಾಯ್ರೆ, ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಗಿರಿಜೆ ಹಿಂದಿನ ಬೀದಿಗೆ, ತಂಗಿಯ ಮನೆಗೆ ಹೋದಳು. ನಾನು ಬಾಗಿಲಿನ ಮೆಟ್ಟಿಲ ಮೇಲೆ ಕೂತೆ. ಕತ್ತಲಾಗುವ ಹೊತ್ತಿಗೆ ಮಹೇಶನ ಕಾರು ಬಂತು. ಒಂದು ಸದ್ದಿಲ್ಲ, ಕುಲುಕಾಟವಿಲ್ಲ. ಅತ್ತೆ ಇಳಿದರು. ಮುಖದಲ್ಲಿ ಮದುವೆ ಊಟ ಮುಗಿಸಿ ಬಂದವರ ತೃಪ್ತಿ.

"ಅಯ್ಯೋ ಅಳಿಯಂದ್ರೇ, ನೀವು ಬಂದಿದ್ದೀರಾ? ಇವ್ರು ಅದೇನೋ ಹೊಸಾ ಟೈರ್ ಹಾಕ್ಸಿದ್ದಾರಂತೆ, ಒಂದ್ಸಲ ಕೂತು ನೋಡಿ ಅಂದ್ರು. ಹೊಟ್ಟೆ ನೀರು ಅಲ್ಲಾಡ್ಲಿಲ್ಲ ನೋಡಿ!"

ಹೊಟ್ಟೆ ನೀರು ಅಲ್ಲಾಡಲಿಲ್ಲವಂತೆ. ಹಾಗಾದರೆ ಇಷ್ಟು ವರ್ಷ ನನ್ನ ಕಾರಿನಲ್ಲಿ ಅದು ಅಲ್ಲಾಡುತ್ತಿತ್ತೇ? ಅಲ್ಲಾಡುತ್ತಿದ್ದರೆ ಒಂದು ದಿನವಾದರೂ ಹೇಳಬಹುದಿತ್ತಲ್ಲ?

ಮಹೇಶ ವಿನಯದಿಂದ ಕೈಕಟ್ಟಿ ನಿಂತಿದ್ದ. ಅವನ ವಿನಯವೇ ನನಗೆ ಆಗದು. "ಏನಿಲ್ಲ ಅಣ್ಣ, ಪ್ರೀಮಿಯಂ ಹಾಕ್ಸಿಬಿಟ್ಟೆ. ನಾಲ್ಕೂ. ಆಲ್ ಸೀಸನ್. ಸೇಫ್ಟಿ ವಿಷ್ಯದಲ್ಲಿ ಚೌಕಾಸಿ ಮಾಡ್ಬಾರ್ದು ಅಂತ."

ಈ ಮಾತಿಗೆ ಏನು ಉತ್ತರ ಕೊಡುತ್ತೀರಿ? ಸೇಫ್ಟಿ ಬೇಡ ಎನ್ನಲಾದೀತೆ? ಅವನು ಹೊಸ ಟೀವಿ ತಂದಾಗ "ಕಣ್ಣಿಗೆ ಒಳ್ಳೇದಲ್ಲ" ಎಂದಿದ್ದೆ. ವಾಷಿಂಗ್ ಮೆಷಿನ್ ತಂದಾಗ "ಬಟ್ಟೆ ಬೇಗ ಹರಿಯುತ್ತೆ" ಎಂದಿದ್ದೆ. ಮೊಬೈಲ್ ತಂದಾಗ "ತಲೆಗೆ ತೊಂದರೆಯಂತೆ" ಎಂದಿದ್ದೆ. ಎಲ್ಲಕ್ಕೂ ಒಂದೊಂದು ಕೊಂಕು ಸಿಕ್ಕಿತ್ತು. ಟೈರಿಗೆ ಸಿಗಲಿಲ್ಲ. ಆಗಲೇ ನಾನು ಹೊರಗೆ ಬಂದು ಬಗ್ಗಿ ಉಗುರು ಇಟ್ಟು ನೋಡಿದ್ದು.

ಸ್ವಲ್ಪ ಯೋಚಿಸಿ. ಟೈರಿನ ಮೇಲೆ ಹೊಟ್ಟೆಕಿಚ್ಚು ಪಡುವ ಪರಿಸ್ಥಿತಿ ಯಾರಿಗೂ ಬರಬಾರದು. ಒಡವೆಯಾದರೆ ಕತ್ತಿನಲ್ಲಿ ಹೊಳೆಯುತ್ತದೆ. ಮನೆಯಾದರೆ ದೂರದಿಂದ ಕಾಣುತ್ತದೆ. ಟೈರು? ಕಪ್ಪಗೆ ದುಂಡಗೆ, ಕೆಸರಲ್ಲಿ ಸೆಗಣಿಯಲ್ಲಿ ಉರುಳಾಡುವ ವಸ್ತು. ಬೀದಿನಾಯಿ ಕೂಡ ಅದಕ್ಕೆ ಮರ್ಯಾದೆ ಕೊಡುವುದಿಲ್ಲ. ಅಂಥದ್ದನ್ನು ನೆನೆಸಿಕೊಂಡು ನಾನು ರಾತ್ರಿ ಮಗ್ಗುಲು ಬದಲಾಯಿಸಿದೆ.

ಮುಂದಿನ ವಾರವೂ ಅತ್ತೆ ಮಹೇಶನ ಕಾರಿನಲ್ಲೇ ಹೋದರು. "ನಿಮಗ್ಯಾಕೆ ಸುಮ್ನೆ ಅಲ್ಲಿಂದ ಇಲ್ಲಿಗೆ ಓಡಾಟ" ಎಂದು ಫೋನಿನಲ್ಲಿ ನನ್ನ ಮೇಲೆ ಕರುಣೆ ತೋರಿಸಿದರು. ಕರುಣೆ ಯಾರಿಗೆ ಬೇಕಿತ್ತು?

"ನಮ್ಮ ಕಾರಿಗೂ ಟೈರ್ ಹಾಕಿಸ್ಬೇಕು" ಎಂದೆ ಗಿರಿಜೆಗೆ. ನಮ್ಮವು ಅರ್ಧ ಸವೆದಿದ್ದವು. (ಅರ್ಧ ಉಳಿದಿತ್ತು ಎಂದೂ ಹೇಳಬಹುದು. ಆ ವಾರ ನಾನು ಹಾಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ.)

"ಹಾಕ್ಸಿ. ಆದ್ರೆ ಕಡಿಮೇದು ಹಾಕ್ಸಿ" ಎಂದಳು. "ನಮ್ ಕಾರು ಹೋಗೋದು ಎಲ್ಲಿಗೆ? ಭದ್ರಾವತಿಗೆ. ಅದೂ ವಾರಕ್ಕೊಂದ್ಸಲ. ಟೈರ್ ಸವೆಯೋದ್ರೊಳಗೆ ಕಾರೇ ಸವೆದ್ಹೋಗುತ್ತೆ."

ನೂರಕ್ಕೆ ನೂರು ಸರಿಯಾದ ಮಾತು. ಇದನ್ನೇ ನಾನು ಬಿ.ಕಾಂ. ಹುಡುಗರಿಗೆ ವರ್ಷವಿಡೀ ಹೇಳುತ್ತೇನೆ. ಎಷ್ಟು ಬಳಸುತ್ತೀರೋ ನೋಡಿ, ಅದಕ್ಕೆ ತಕ್ಕಂತೆ ಕೊಳ್ಳಿ. ಹಗಲಿರುಳು ಘಾಟಿ ಹತ್ತಿಳಿಯುವ ಟ್ಯಾಕ್ಸಿಯವನಿಗೆ ಪ್ರೀಮಿಯಂ ಬೇಕು. ವಾರಕ್ಕೊಮ್ಮೆ ಬಿ.ಎಚ್. ರಸ್ತೆಯಲ್ಲಿ ಹೋಗಿಬರುವ ಮೇಷ್ಟ್ರಿಗೆ ಸಾಧಾರಣದ್ದು ಸಾಕು. ಪಾಠದಲ್ಲಿ ಎಲ್ಲ ಇದೆ. ಷಡ್ಡಕನೊಬ್ಬ ಇಲ್ಲ.

ಸವಳಂಗ ರಸ್ತೆಯ ಟೈರ್ ಅಂಗಡಿಗೆ ಹೋದೆ. ಅಂಗಡಿಯ ರಹಮತ್ ಭಾಯ್ ನನಗೆ ಹಳೆಯ ಪರಿಚಯ. ಅವರ ಮಾತಿಗೆ ಬ್ರೇಕಿಲ್ಲ. ಎರಡು ಟೈರು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದರು.

"ನೋಡಿ ಸಾರ್, ಇದು ಪ್ರೀಮಿಯಂ. ಆಲ್ ಸೀಸನ್."

"ಅದು?"

"ಅದೂ ಆಲ್ ಸೀಸನ್ನೇ. ಸೀಸನ್ ಅದೇ, ರೇಟ್ ಬೇರೆ."

"ಏನು ಫರಕ್ ಭಾಯ್?"

"ಬಿಸಿಲಲ್ಲಿ ಏನೂ ಫರಕ್ ಇಲ್ಲ. ಮಳೇಲಿ ಬ್ರೇಕ್ ಹಾಕ್ದಾಗ ಗೊತ್ತಾಗುತ್ತೆ. ಇದು ಹಿಡಿಯುತ್ತೆ. ಅದೂ ಹಿಡಿಯುತ್ತೆ, ಸ್ವಲ್ಪ ಮುಂದೆ ಹೋಗಿ." ಆಮೇಲೆ ದನಿ ತಗ್ಗಿಸಿದರು. "ಹೋದ ತಿಂಗಳು ಭದ್ರಾವತಿಯಿಂದ ಒಬ್ರು ಸಾಹೇಬ್ರು ಬಂದಿದ್ರು. ನಿಮ್ಮಂಥದ್ದೇ ಬಿಳಿ ಗಾಡಿ. ರೇಟ್ ಕೂಡ ಕೇಳ್ಲಿಲ್ಲ ಸಾರ್, ನಾಲ್ಕೂ ಹಾಕು ಅಂದ್ರು!"

ರೇಟ್ ಕೂಡ ಕೇಳಲಿಲ್ಲವಂತೆ! ನಮ್ಮೂರಿಗೆ ಬಂದು, ನಮ್ಮ ರಸ್ತೆಯ ಅಂಗಡಿಯಲ್ಲಿ, ನಾನು ಚೌಕಾಸಿ ಮಾಡುವ ಇದೇ ರಹಮತ್ ಭಾಯ್ ಹತ್ತಿರ, ನಮ್ಮ ಮನೆಗೆ ಒಂದು ಲೋಟ ಕಾಫಿಗೂ ಬಾರದೆ ನಾಲ್ಕು ಹಾಕಿಸಿಕೊಂಡು ಹೋಗಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

ನನ್ನ ಜೇಬು ನಾಲ್ಕಕ್ಕೆ ಒಪ್ಪಲಿಲ್ಲ. ಕಷ್ಟಪಟ್ಟರೆ ಎರಡು ಪ್ರೀಮಿಯಂ, ಎರಡು ಸಾಧಾರಣ. ಅಷ್ಟರಲ್ಲಿ ನನ್ನ ತಲೆಗೆ ಒಂದು ಐಡಿಯಾ ಹೊಳೆಯಿತು. ಹೊಳೆಯಬಾರದಿತ್ತು.

ಅತ್ತೆ ಕಾರು ಹತ್ತುವುದು ಯಾವ ಕಡೆಯಿಂದ? ಎಡಗಡೆಯಿಂದ. ಅವರ ಮನೆ ಮುಂದೆ ಕಾರು ನಿಲ್ಲಿಸಿದರೆ ಜಗಲಿಗೆ ಕಾಣುವುದು ಯಾವ ಕಡೆ? ಎಡಗಡೆ. ಶನಿವಾರ ಮಧ್ಯಾಹ್ನ ಮಹೇಶ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುವುದು ಎಲ್ಲಿ? ಅದೇ ಜಗಲಿಯಲ್ಲಿ. ಬಲಗಡೆಯನ್ನು ನೋಡುವವರು ಯಾರು? ಚರಂಡಿ ಮತ್ತು ಎದುರು ಮನೆಯ ಹಸು.

"ಭಾಯ್, ಪ್ರೀಮಿಯಂ ಎರಡನ್ನೂ ಎಡಗಡೆಗೆ ಹಾಕಿ" ಎಂದೆ.

ರಹಮತ್ ಭಾಯ್ ನಕ್ಕರು. "ಮುಂದೆ ಒಂದು ಜೋಡಿ, ಹಿಂದೆ ಒಂದು ಜೋಡಿ ಹಾಕೋದು ಸಾರ್. ಎಡಕ್ಕೊಂದು ಥರ ಬಲಕ್ಕೊಂದು ಥರ ಯಾರೂ ಹಾಕಲ್ಲ."

"ನನಗೆ ಗೊತ್ತು. ಹಾಕಿ."

"ಗಾಡಿ ಎಳೆಯುತ್ತೆ."

"ಎಳೀಲಿ."

ನಿಜವಾಗಿಯೂ ನನಗೆ ಗೊತ್ತಿತ್ತು. ಒಂದು ಕಾಲಿಗೆ ಶೂ, ಒಂದು ಕಾಲಿಗೆ ಹವಾಯಿ ಚಪ್ಪಲಿ ಹಾಕಿದರೆ ನಡೆಯುವುದು ಹೇಗಿರುತ್ತದೆಂದು ಯಾರಿಗೆ ಗೊತ್ತಿಲ್ಲ? ಆದರೆ ಹೊಟ್ಟೆಕಿಚ್ಚು ಗೊತ್ತಿಲ್ಲದವರಿಗೆ ಬರುವ ರೋಗವಲ್ಲ. ಎಲ್ಲ ಗೊತ್ತಿದ್ದವರಿಗೇ ಬರುತ್ತದೆ. ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು, ಟೈರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಹೊರಟೆ. ಕುಂಕುಮವನ್ನು ಎಡಗಡೆಗೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದ್ದೆ.

ಶುಕ್ರವಾರವೇ ಅತ್ತೆಗೆ ಫೋನ್ ಮಾಡಿದೆ. "ನಾಳೆ ನಾನೇ ಬರ್ತೀನಿ. ನಾನೂ ಪ್ರೀಮಿಯಂ ಹಾಕಿಸಿದ್ದೀನಿ." ಎಷ್ಟು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಸವಳಂಗ ರಸ್ತೆ ದಾಟುವುದರೊಳಗೆ ಕಾರು ತನ್ನ ಗುಣ ತೋರಿಸಿತು. ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ತುಂಗೆಯ ಸೇತುವೆಯ ಮೇಲೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಗ್ಗ ಜಗ್ಗುವವನ ಹಾಗೆ ಹೋದೆ. ಭದ್ರಾವತಿ ತಲುಪುವಾಗ ಬಲ ಭುಜ ನೋಯುತ್ತಿತ್ತು. ಆದರೂ ಕಾರನ್ನು ಜಗಲಿಗೆ ಸರಿಯಾಗಿ ಎಡಗಡೆ ಕಾಣುವಂತೆ, ಎರಡು ಸಲ ಹಿಂದೆ ಮುಂದೆ ಮಾಡಿ, ನಿಲ್ಲಿಸಿದೆ.

ಮಹೇಶ ಜಗಲಿಯಲ್ಲೇ ಇದ್ದ. ಅವನ ಕಣ್ಣು ಟೈರಿನ ಮೇಲೆ ಬಿತ್ತು. ಅಲ್ಲೇ ನಿಂತಿತು. "ಓಹೋ ಅಣ್ಣ, ನೀವೂ ಹಾಕ್ಸಿಬಿಟ್ರಾ?" ಎಂದು ನಕ್ಕ. ಆ ನಗು ಒಂದು ಕ್ಷಣ ತಡವಾಗಿ ಬಂತು. ಆ ಒಂದು ಕ್ಷಣಕ್ಕೆ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅನಿಸಿತು ನನಗೆ.

ಅವನು ಬಲಗಡೆಗೆ ಬಂದು ನೋಡುವ ಮೊದಲೇ ಅತ್ತೆಯನ್ನು ಹತ್ತಿಸಿಕೊಂಡು ಹೊರಟುಬಿಟ್ಟೆ.

ಬಿ.ಎಚ್. ರಸ್ತೆ ಸೇರಿದ ಮೇಲೆ ಕೇಳಿದೆ. "ಹೇಗಿದೆ ಅತ್ತೆ? ಏನಾದ್ರೂ ವ್ಯತ್ಯಾಸ ಗೊತ್ತಾಗ್ತಿದೆಯಾ?"

"ಗೊತ್ತಾಗ್ತಿದೆ" ಎಂದರು. ಕಿಟಕಿಯಿಂದ ಹೊರಗೆ ಇಣುಕಿ, "ಅಳಿಯಂದ್ರೇ, ಕಾರು ಯಾಕೋ ಚರಂಡಿ ಕಡೇನೇ ನೋಡ್ತಿದೆ" ಎಂದರು.

"ರಸ್ತೆ ಆ ಕಡೆ ಇಳಿಜಾರು ಅತ್ತೆ."

"ಹೋದ ವಾರ ಇರ್ಲಿಲ್ಲ."

ಹೋದ ವಾರದ ಹೆಸರೆತ್ತಬಾರದಿತ್ತು. ನಾನು ವೇಗ ಹೆಚ್ಚಿಸಿದೆ. ಪ್ರೀಮಿಯಂ ಟೈರಿನ ಗುಣಗಳನ್ನು ಒಂದೊಂದಾಗಿ ವಿವರಿಸತೊಡಗಿದೆ. ರಬ್ಬರು, ಗೆರೆ, ಗ್ರಿಪ್ಪು, ಎಲ್ಲ ರಹಮತ್ ಭಾಯ್ ಹೇಳಿದ್ದೇ, ನನ್ನ ಮಸಾಲೆ ಸೇರಿಸಿ. ಮಾಚೇನಹಳ್ಳಿ ಹತ್ತಿರ ಬರುವಾಗ ಮಳೆ ಹಿಡಿಯಿತು. ದಪ್ಪ ಹನಿ. ವೈಪರ್ ಹಾಕಿದೆ. ವೈಪರ್ ಒಂದು ಸಲ ಆ ಕಡೆ ಹೋಗಿ ಈ ಕಡೆ ಬರುವುದರೊಳಗೆ ರಸ್ತೆಯ ನಡುವೆ ಒಂದು ಎಮ್ಮೆ.

ಬ್ರೇಕ್ ಒತ್ತಿದೆ.

ಎಡಗಡೆ ಟೈರುಗಳು ಹಿಡಿದವು. ಬಲಗಡೆಯವು ಹಿಡಿಯಲಿಲ್ಲ. ಕಾರು ತನ್ನ ಪಾಡಿಗೆ ತಾನು ಮೂತಿ ಎಡಕ್ಕೆ ತಿರುಗಿಸಿ, ಡಾಂಬರು ಬಿಟ್ಟು, ಮಣ್ಣಿಗಿಳಿದು ಜಾರುತ್ತಾ ಹೋಯಿತು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು ಅಷ್ಟೆ, ಕಾರು ನನ್ನ ಕೈಯಲ್ಲಿರಲಿಲ್ಲ. ಅತ್ತೆ ಎರಡೂ ಕೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದು "ಶಿವಶಿವಾ" ಎಂದರು. ಹಿಂದಿನ ಸೀಟಿನಲ್ಲಿದ್ದ, ಅಂಗಡಿಗೆ ವಾಪಸ್ ಕೊಡಬೇಕಾದ ಸೀರೆಗಳ ಗಂಟು ಬಿಚ್ಚಿಕೊಂಡು ನಮ್ಮ ಹೆಗಲ ಮೇಲೆ ಬಿತ್ತು. ಕಾರು ನಿಂತಾಗ ಮುಂದಿನ ಚಕ್ರಕ್ಕೂ ಹಳ್ಳಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಎಡಗಡೆಗೆ, ಅತ್ತೆ ಕೂತ ಕಡೆಗೆ.

ಎಮ್ಮೆ ನಮ್ಮನ್ನೊಮ್ಮೆ ನೋಡಿ ತನ್ನ ದಾರಿ ಹಿಡಿಯಿತು.

ಎಂಜಿನ್ ಆಫ್ ಮಾಡಿದೆ. ಇನ್ನೊಂದು ಮೊಳ ಜಾರಿದ್ದರೆ? ಗಿರಿಜೆಗೆ ಯಾವ ಮುಖ ತೋರಿಸುತ್ತಿದ್ದೆ? ಭಯವೂ ಆಯಿತು, ನಾಚಿಕೆಯೂ ಆಯಿತು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಎಲ್ಲಕ್ಕಿಂತ ಮೊದಲು ತಲೆಗೆ ಬಂದದ್ದು ಬೇರೆಯೇ. ಇದು ಮಹೇಶನಿಗೆ ಗೊತ್ತಾಗಬಾರದು.

ಅತ್ತೆ ಹೆಗಲ ಮೇಲಿನ ಸೀರೆ ತೆಗೆದು, ಕೊಡವಿ, ಮಡಚತೊಡಗಿದರು. ನನ್ನ ಕಡೆ ನೋಡಲಿಲ್ಲ.

"ಚಿಕ್ಕ ಅಳಿಯಂದ್ರಿಗೆ ಹೇಳಲ್ಲ ಬಿಡಿ" ಎಂದರು.

ಅಂದರೆ ನಮ್ಮಿಬ್ಬರ ಪೈಪೋಟಿ ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ.

ಮರುದಿನವೇ ರಹಮತ್ ಭಾಯ್ ಅಂಗಡಿಗೆ ಹೋಗಿ ಟೈರುಗಳನ್ನು ಜೋಡಿಗೆ ಜೋಡಿ ಸರಿಮಾಡಿಸಿದೆ. ಅವರು ಮೀಸೆಯಲ್ಲೇ ನಕ್ಕರು. ಕಾರು ನೆಟ್ಟಗೆ ಓಡತೊಡಗಿತು. ನೀವೂ ಕೇಳಿಸಿಕೊಳ್ಳಿ, ಪ್ರೀಮಿಯಮ್ಮೋ ಸಾಧಾರಣದ್ದೋ, ನಿಮ್ಮ ಓಡಾಟಕ್ಕೆ ತಕ್ಕದ್ದನ್ನು ನಾಲ್ಕೂ ಒಂದೇ ಥರ ಹಾಕಿಸಿ. ಆಗದಿದ್ದರೆ ಜೋಡಿಯನ್ನಾದರೂ ಬೇರೆ ಮಾಡಬೇಡಿ. ಅಂಗಡಿಗೆ ಹೋಗುವಾಗ ರಸ್ತೆಯನ್ನು ನೆನೆಸಿಕೊಂಡು ಹೋಗಿ, ಜಗಲಿಯನ್ನಲ್ಲ.

ಮುಂದಿನ ಶುಕ್ರವಾರ ಮಹೇಶನ ಫೋನ್. "ಅಣ್ಣ, ನಾಳೆ ಅತ್ತೆ ನಿಮ್ ಕಾರಲ್ಲಿ ಬರ್ತಾರಂತಾ?"

"ಇಲ್ಲಪ್ಪ. ನಿನ್ನ ಕಾರಲ್ಲಿ ಅಂದ್ಕೊಂಡಿದ್ದೆ."

"ನಂಗೆ ಬರ್ಬೇಡಿ ಅಂದ್ರು."

"ನಂಗೂ ಹಾಗೇ ಅಂದ್ರು."

ಇಬ್ಬರೂ ಸುಮ್ಮನಾದೆವು. ಇಷ್ಟು ವರ್ಷದಲ್ಲಿ ನಾನು ಮತ್ತು ನನ್ನ ಷಡ್ಡಕ ಮನಸ್ಸು ಕೂಡಿ ಮಾಡಿದ ಮೊದಲ ಕೆಲಸ ಅದು, ಸುಮ್ಮನಾದದ್ದು. ಆದರೂ ಫೋನ್ ಇಡುವಾಗ ಒಳಗೊಳಗೇ ಒಂದು ಸಮಾಧಾನ. ಅವನಿಗೂ ಇಲ್ಲ!

ಸಮಾಧಾನ ಶನಿವಾರ ಸಂಜೆಯವರೆಗೆ ಮಾತ್ರ ಉಳಿಯಿತು. ಗಾಂಧಿ ಬಜಾರಿಗೆ ನಾನಾಗಿಯೇ ಹೋದೆ. ಅತ್ತೆ ಒಂದು ಅಂಗಡಿಯಿಂದ ಗಂಟಿನ ಸಮೇತ ಹೊರಬರುತ್ತಿದ್ದರು. ಮುಖ ಅರಳಿತ್ತು.

"ಹೇಗೆ ಬಂದ್ರಿ ಅತ್ತೆ?"

"ಬಸ್ಸಲ್ಲಿ."

"ಕಾರು ಸರಿಮಾಡ್ಸಿದ್ದೀನಿ. ಈಗ ಒಂಚೂರೂ ಎಳೆಯಲ್ಲ. ಬನ್ನಿ, ಬಿಡ್ತೀನಿ."

"ಬೇಡ ಮಾರಾಯ್ರೆ. ಬಸ್ ಸ್ಟ್ಯಾಂಡ್‌ವರೆಗೆ ಗಂಟು ಹಿಡ್ಕೊಳ್ಳಿ, ಸಾಕು."

ಗಂಟು ಹೊತ್ತು ನಡೆದೆ. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ನನ್ನ ಕಾರಿನ ವಿಷ್ಯ ಸರಿ, ನಾನು ತಪ್ಪು ಮಾಡ್ದೆ. ಮಹೇಶನ ಕಾರಲ್ಲಿ ಏನಾಗಿತ್ತು? ಹೊಟ್ಟೆ ನೀರು ಅಲ್ಲಾಡಲ್ಲ ಅಂದಿದ್ರಿ."

"ನೀರು ಅಲ್ಲಾಡಲ್ಲ. ತಲೆ ಚಿಟ್ಟು ಹಿಡಿಯುತ್ತೆ" ಎಂದರು. "ಅವ್ರ ಕಾರಲ್ಲಿ ಕೂತ್ರೆ ದಾರಿ ಉದ್ದಕ್ಕೂ ಟೈರಿನ ಮಾತು. ನಿಮ್ ಕಾರಲ್ಲಿ ಕೂತ್ರೆ ಇಲ್ಲೂ ಟೈರಿನ ಮಾತು. ಈ ವಾರ ಎಂಥಾ ಸೀರೆ ತಂದ್ರಿ ಅಂತ ಇಬ್ರಲ್ಲಿ ಒಬ್ರು ಒಂದ್ ದಿನ ಕೇಳಿದ್ದೀರಾ?"

ಕೇಳಿರಲಿಲ್ಲ. ಮಹೇಶನೂ ಕೇಳಿರಲಿಲ್ಲ ಎಂಬುದೊಂದೇ ನೆಮ್ಮದಿ.

ಬಸ್ ನಿಂತಿತ್ತು. ಕಂಡಕ್ಟರ್ ದೂರದಿಂದಲೇ ಕಂಡು "ಬನ್ನಿ ಅಮ್ಮ, ನಿಮ್ಮ ಸೀಟು ಹಿಡಿದಿಟ್ಟಿದ್ದೀನಿ" ಎಂದು ನನ್ನ ಕೈಯಿಂದ ಗಂಟು ಕಿತ್ತುಕೊಂಡ. ಡ್ರೈವರ್ ಹಿಂದಿನ ಮೊದಲನೇ ಸೀಟು. ಬರುವಾಗ ಒಂದು ಸಲ ಕೂತದ್ದಕ್ಕೇ ಅವರಿಗೊಂದು ಖಾಯಂ ಸೀಟು! ಅತ್ತೆ ಕೂತು ಗಂಟು ಬಿಚ್ಚುವುದೇ ತಡ, ಸುತ್ತ ಹೆಂಗಸರು. ಹಸಿರು ಸೀರೆಯೊಂದು ಮೂವರ ತೊಡೆಯ ಮೇಲೆ ಹರಡಿತು. ಒಬ್ಬಾಕೆ ಸೆರಗು ಬೆಳಕಿಗೆ ಹಿಡಿದು ನೋಡಿದರು, ಇನ್ನೊಬ್ಬಾಕೆ ಅಂಚು ಉಜ್ಜಿ ನೋಡಿದರು. ಎಲೆಯಡಿಕೆ ಹಾಕಿಕೊಂಡಿದ್ದ ಡ್ರೈವರ್ ಕತ್ತು ಹೊರಳಿಸಿ, "ಅಮ್ಮ, ಆ ನೀಲಿದೊಂದು ತೆಗೆದಿಡಿ, ನಮ್ಮನೆಯವಳಿಗೆ ಅದೇ ಇಷ್ಟ" ಎಂದ.

ಅತ್ತೆ ನಕ್ಕರು. ಬಾಯಿತುಂಬಾ. ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತಿದ್ದರೂ ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಇದರ ಮುಂದೆ ಮಹೇಶನ ಮೇಲಿನ ನನ್ನ ಹೊಟ್ಟೆಕಿಚ್ಚು ಏನೂ ಅಲ್ಲ. ಆ ಡ್ರೈವರ್ ಯಾರೋ, ಅವನ ಹೆಂಡತಿ ಯಾರೋ. ಅವಳಿಗೆ ನೀಲಿ ಇಷ್ಟವೆಂದು ನಮ್ಮ ಅತ್ತೆಗೆ ಈಗ ಗೊತ್ತು. ಗಿರಿಜೆಗೆ ಯಾವ ಬಣ್ಣ ಇಷ್ಟವೆಂದು ನನ್ನನ್ನು ಕೇಳಿದ್ದರೆ ನಾನೇ ತಡವರಿಸುತ್ತಿದ್ದೆ.

ಬಸ್ಸಿನ ಮುಂಭಾಗಕ್ಕೆ ಬಂದೆ. ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಹೆಬ್ಬೆರಳು ಇಟ್ಟು ನೋಡಿದೆ. ಉಗುರು ಇಳಿಯಲಿಲ್ಲ. ಇಳಿಯಲು ಗೆರೆಯೇ ಇರಲಿಲ್ಲ. ಮೇಲೆ ಹೊಸ ರಬ್ಬರು ಹಾಕಿಸಿ ರೀಸೋಲ್ ಮಾಡಿಸಿ, ಅದೂ ಸವೆದು, ಬೆಣ್ಣೆಯ ಹಾಗೆ ನುಣ್ಣಗಿತ್ತು. ನಾನು ಏಳುವುದರೊಳಗೆ ಡ್ರೈವರ್ ಹಾರ್ನ್ ಹೊಡೆದ. ಪಕ್ಕಕ್ಕೆ ಸರಿದೆ. ಬಸ್ಸು ನಮ್ಮ ಅತ್ತೆಯನ್ನು ನಗಿಸಿಕೊಂಡು ಹೊರಟುಹೋಯಿತು.

ಸವಳಂಗ ರಸ್ತೆಯ ಅಂಗಡಿಯಲ್ಲಿ ಪ್ರೀಮಿಯಂ ಸಿಗುತ್ತದೆ, ಸಾಧಾರಣದ್ದೂ ಸಿಗುತ್ತದೆ. ಆ ಬೋಳು ಟೈರಿಗೆ ನಾನು ಯಾವ ಅಂಗಡಿಗೆ ಹೋಗಲಿ, ನೀವೇ ಹೇಳಿ?